ಓದುಕಲಿಕೆ: ತಾಂಬಾ ಸೀಮೆಯ ಪ್ರಾಥಮಿಕ ಶಾಲೆಗಳು

ವಿಜಯಪುರ ಜಿಲ್ಲೆಯ ತಾಂಬಾ ಮತ್ತು ಅದರ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳ ಓದು-ಬರಹ ಸಾಗುವುದು ‘ನಲಿ-ಕಲಿ’ ಪದ್ಧತಿಯಲ್ಲಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದನ್ನು ಆರಂಭಿಸಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ವಿಸ್ತರಿಸಿತು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಹಿಂದೆ ಇದ್ದದ್ದು ಗಾಂವಠಿ ಸಾಲಿ, ಅಂದರೆ ಊರವರೇ ನಡೆಸುವ ಶಾಲೆ. ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಅಂಕಲಿಪಿ ಹಿಡಿದು ಕಾಗುಣಿತ, ಮಗ್ಗಿಗಳನ್ನು ಬಾಯಿಪಾಠ ಮಾಡುವುದು ಅಲ್ಲಿನ ಕ್ರಮ. ಸರ್ಕಾರಿ ಶಾಲೆಗಳಲ್ಲಿಯೂ ಮರಾಠಿಯ ಒತ್ತು ಇದ್ದ ಕಾಲದಲ್ಲಿ ಕನ್ನಡ ಪಾಠಕ್ಕೆ ನೆಲೆ ಒದಗಿಸಿದವರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯೂಟಿ ಚನ್ನಬಸಪ್ಪ ಮುಖ್ಯರು. ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು. ಚಡಚಣದ ಸಿಂಪಿ ಲಿಂಗಣ್ಣನವರೂ ಪ್ರಾಥಮಿಕ ಶಾಲೆಯ ಶಿಕ್ಷಕರೇ. ಅವರೂ ಹಲಸಂಗಿಯ ಗೆಳೆಯರೂ ಕೂಡಿಸಿದ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನ 1931ರಲ್ಲಿ ಅಚ್ಚಾಯಿತು. ಮಕ್ಕಳು ಮನೆಯಿಂದ ತರುವ ನುಡಿಯ ಬೆಲೆ ಏನೆಂಬುದಕ್ಕೆ ಈ ಸೀಮೆಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಲಿ-ಕಲಿಯಲ್ಲಿ ವರ್ಣಮಾಲೆ ಅ, ಆ ಎಂದು ಕ್ರಮವಾಗಿ ಬರುವುದಿಲ್ಲ. ಮೊದಲಿಗೆ ರ, ಗ, ಸ, ದ, ಅ. ಇಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಿಗೆ ಸಿಕ್ಕುತ್ತವೆ. ಮುಂದೆ ಜ, ವ, ಮ, ಬ, ನ ಕೂಡಿದರೆ ಮರ, ಜನ, ವನ; ಬಾಗೇವಾಡಿಯ ಮಗು ‘ಬಸವ’ ಎಂದೂ ಓದಬಲ್ಲದು. ಅಕ್ಷರ ಪೂರ್ತಿ ಕಲಿತ ಮೇಲೆ ಪದ ಎಂಬ ಹಳೆಯ ಕಟ್ಟಳೆ ಇಲ್ಲಿ ಮುರಿದಿದೆ. ಮಕ್ಕಳು ಐದು ‘ತಟ್ಟೆ’ಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂಡುತ್ತಾರೆ: ಕೆಲವರಿಗೆ ಶಿಕ್ಷಕರ ಪೂರ್ಣ ಬೆಂಬಲ, ಕೆಲವರಿಗೆ ಭಾಗಶಃ, ಕೆಲವರಿಗೆ ಗೆಳೆಯರ ನೆರವು, ಉಳಿದವರದು ಸ್ವಕಲಿಕೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದನ್ನು ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ‘ಕಲಿಕಾ ಏಣಿ’ ಹೇಳುತ್ತದೆ.

ಈ ಏಣಿ ಹೆಚ್ಚು ಉಪಕಾರಿಯಾಗುವುದು ಗುಳೆ ಹೋಗುವ ಮನೆಗಳ ಮಕ್ಕಳಿಗೆ. ಮಳೆ ನಂಬಲಾಗದ ಈ ಭಾಗದ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಹೋಗುತ್ತವೆ. ತಿಂಗಳುಗಟ್ಟಲೆ ಬಿಟ್ಟು ಮರಳಿದ ಮಗು ತರಗತಿ ಮುಟ್ಟಿದ ಪುಟಕ್ಕೆ ಹಾರಬೇಕಿಲ್ಲ, ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಆದರೆ ಒಬ್ಬರೇ ಶಿಕ್ಷಕರಿದ್ದು, ಮೇಲಿನ ತರಗತಿಗಳೂ ಅವರ ಪಾಲಿಗೇ ಬಿದ್ದರೆ ತಟ್ಟೆಗಳು ಹೆಸರಿಗಷ್ಟೇ ಉಳಿಯುತ್ತವೆ.

ಪುಸ್ತಕದ ‘ಮನೆ’ಯನ್ನು ಇಲ್ಲಿಯ ಮಗು ‘ಮನಿ’ ಎನ್ನುತ್ತದೆ, ‘ಕುದುರೆ’ಯನ್ನು ‘ಕುದರಿ’. ಇದನ್ನು ಓದಿನ ತಪ್ಪೆಂದು ಎಣಿಸಬಾರದು; ಪದ ಗುರುತಿಸಿ ಅರ್ಥ ಹಿಡಿದದ್ದಕ್ಕೇ ಅದು ಗುರುತು. ತಾಂಡಾಗಳ ಲಂಬಾಣಿ ಮಕ್ಕಳ ತೊಡಕು ಬೇರೆ. ಅವರಿಗೆ ಕನ್ನಡವೇ ಹೊಸದು. ಅಕ್ಷರಕ್ಕಿಂತ ಮುಂಚೆ ಮಾತು, ಹಾಡು, ಕಥೆ ಬೇಕು.

ಕನ್ನಡ ಓದು ಮೂರನೆಯ ತರಗತಿಗೆ ಮುಗಿಯುವಂಥದಲ್ಲ. 34 ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ, ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹಿಂದುಳಿದವರಿಗಾಗಿ 4–5ನೆಯ ತರಗತಿಗಳಲ್ಲಿ ನಡೆಸಿದ ‘ಓದು ಕರ್ನಾಟಕ’ ಕಾರ್ಯಕ್ರಮ ಮಕ್ಕಳನ್ನು ತರಗತಿಯಂತೆ ಕೂರಿಸದೆ, ಅಕ್ಷರ, ಪದ, ವಾಕ್ಯವೃಂದ, ಕಥೆ ಇವುಗಳಲ್ಲಿ ಎಲ್ಲಿಯವರೆಗೆ ಓದಬಲ್ಲರೋ ಅದರಂತೆ ಗುಂಪು ಮಾಡುತ್ತಿತ್ತು.