ಒಂದು ಮಿಲಿಮೀಟರಿನ ಚರಿತ್ರೆ: ಕೋವಿಯ ಬಾಯಲ್ಲಿ ಚೋಕ್

ತೋಟಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುವುದನ್ನು ನೀವು ನೋಡಿದ್ದೀರಿ. ಹಕ್ಕಿ ಬೇಟೆಯ ಚರೆಕೋವಿಯ ನಳಿಗೆಯನ್ನೂ ತುದಿಯಲ್ಲಿ ಹೀಗೆಯೇ ತುಸು ಕಿರಿದುಗೊಳಿಸಿರುತ್ತಾರೆ. ಇದಕ್ಕೆ 'ಚೋಕ್' ಎಂದು ಹೆಸರು. ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಚೋಕಿನಿಂದ ಚರೆಗಳ ವೇಗ ಹೆಚ್ಚುವುದು ಅತ್ಯಲ್ಪ. ಅವು ಎಷ್ಟು ಅಗಲಕ್ಕೆ ಹರಡುತ್ತವೆ ಎಂಬುದನ್ನು ಅದು ನಿರ್ಧರಿಸುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಗಳ ಬೇಟೆಯನ್ನು ನಿಷೇಧಿಸಿದೆ. ಆದ್ದರಿಂದ ಇದನ್ನು ಬೇಟೆಯ ಪಾಠವೆಂದು ಭಾವಿಸಬೇಡಿ. ಬಾಯಿಮಾತಿನ ವಾದವೊಂದು ಎಣಿಕೆಯಿಂದ ಇತ್ಯರ್ಥವಾದ ಬಗೆಯನ್ನು ತಿಳಿಯಲು ಇದೊಂದು ಒಳ್ಳೆಯ ನಿದರ್ಶನ.

ಯಾರ ಶೋಧ?

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕೋವಿ ತಯಾರಕ ವಿಲಿಯಂ ರಾಚೆಸ್ಟರ್ ಪೇಪ್ 1866ರಲ್ಲಿ ಚೋಕಿಗೆ ಪೇಟೆಂಟ್ ಪಡೆದ. ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿ, ಕಳಚಿ ತೆಗೆಯಬಹುದಾದ ಚೋಕಿಗೆ ಪೇಟೆಂಟ್ ಪಡೆದ. ಇಲಿನಾಯ್ಸ್‌ನ ಬಾತುಕೋಳಿ ಬೇಟೆಗಾರ ಫ್ರೆಡ್ ಕಿಂಬಲ್ ಹೆಸರೂ ಇದೇ ಕಾಲದ ಶೋಧಕರ ಸಾಲಿನಲ್ಲಿ ಕೇಳಿಬರುತ್ತದೆ. ಆದರೆ ಚೋಕನ್ನು ನಂಬಲರ್ಹ ತಂತ್ರವಾಗಿ ಬೆಳೆಸಿದವನು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು. ಡಬ್ಲ್ಯು. ಗ್ರೀನರ್.

1874ರ ಡಿಸೆಂಬರಿನಲ್ಲಿ ಲಂಡನ್ನಿನ 'ದಿ ಫೀಲ್ಡ್' ಪತ್ರಿಕೆಯಲ್ಲಿ ಗ್ರೀನರ್ ತನ್ನ 12 ಬೋರ್ ಕೋವಿಯ ಚರೆಗಳಲ್ಲಿ ಸರಾಸರಿ 210 ಗುರಿವೃತ್ತದೊಳಗೆ ಬೀಳುವುದೆಂದು ಭರವಸೆ ನೀಡಿದ. ಆಗಿನ ಉತ್ತಮ ಕೋವಿಗಳ ಸರಾಸರಿ ಸುಮಾರು 130! ಅನೇಕರು ನಂಬಲಿಲ್ಲ. ಸಂಪಾದಕ ಜೆ. ಎಚ್. ವಾಲ್ಷ್ ಸ್ವತಃ ಪರೀಕ್ಷೆಗೆ ಇಳಿದ. 1875ರಲ್ಲಿ ಪತ್ರಿಕೆಯೇ ನಡೆಸಿದ ಬಹಿರಂಗ ಸ್ಪರ್ಧೆಯಲ್ಲಿ ಗ್ರೀನರನ ಚೋಕ್ ಕೋವಿಗಳು ಗೆದ್ದವು. ಗುರಿಯ ಮೇಲಿನ ಗುರುತುಗಳನ್ನು ಎಣಿಸಿದ ಮೇಲೆ ವಾದಕ್ಕೆ ಎಡೆ ಉಳಿಯಲಿಲ್ಲ.

ಅಳತೆಯ ಕ್ರಮ

ಇಂದಿಗೂ ಕ್ರಮ ಅದೇ. 40 ಗಜ (36.6 ಮೀಟರ್) ದೂರದಲ್ಲಿ 30 ಅಂಗುಲ (76 ಸೆಂ.ಮೀ.) ವ್ಯಾಸದ ವೃತ್ತದೊಳಗೆ ಬಿದ್ದ ಚರೆಗಳನ್ನು ಎಣಿಸಿ, ತೋಟಾದಲ್ಲಿದ್ದ ಒಟ್ಟು ಚರೆಗಳ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಬ್ರಿಟಿಷ್ ರೂಢಿಯಲ್ಲಿ ಪೂರ್ಣ ಚೋಕಿಗೆ ಶೇ. 70, ಅರ್ಧ ಚೋಕಿಗೆ 60, ಕಾಲು ಚೋಕಿಗೆ 55, 'ಇಂಪ್ರೂವ್ಡ್ ಸಿಲಿಂಡರ್'ಗೆ 50, ಚೋಕೇ ಇಲ್ಲದ ನಳಿಗೆಗೆ 40. ಒಂದು ಪೌಂಡ್ ಸೀಸದಿಂದ 12 ಸಮ ಗುಂಡುಗಳನ್ನು ಮಾಡಿದರೆ, ಪ್ರತಿ ಗುಂಡಿನ ವ್ಯಾಸವೇ 12 ಬೋರಿನ ವ್ಯಾಸ, ಅಂದರೆ ಸುಮಾರು 18.5 ಮಿ.ಮೀ. ಪೂರ್ಣ ಚೋಕ್ ಇದನ್ನು ಕಿರಿದುಗೊಳಿಸುವುದು ಸುಮಾರು 1 ಮಿ.ಮೀ. ಮಾತ್ರ!

30 ಗ್ರಾಂ ತೂಕದ, ಬ್ರಿಟಿಷ್ 6ನೇ ಸಂಖ್ಯೆಯ ತೋಟಾದಲ್ಲಿ ಸುಮಾರು 287 ಚರೆಗಳಿರುತ್ತವೆ. ಪೂರ್ಣ ಚೋಕಿನಿಂದ ವೃತ್ತದೊಳಗೆ 201 ಬಿದ್ದರೆ, ಸರಾಸರಿ 23 ಚದರ ಸೆಂ.ಮೀ.ಗೆ ಒಂದು ಚರೆ. ಚೋಕ್ ಇಲ್ಲದಿದ್ದರೆ 115 ಚರೆಗಳು; ಅಂದರೆ 40 ಚದರ ಸೆಂ.ಮೀ.ಗೆ ಒಂದು. ಇದು ಸರಾಸರಿ ಮಾತ್ರ ಎಂಬುದನ್ನು ಮರೆಯಬೇಡಿ. ಚರೆಗಳು ನಡುವೆ ದಟ್ಟವಾಗಿ, ಅಂಚಿಗೆ ವಿರಳವಾಗಿ, ಸರಿಸುಮಾರು ಗೌಸ್‌ನ ವಿತರಣೆಯಂತೆ ಹರಡುತ್ತವೆ.

ಬಿಗಿಯಾದದ್ದೇ ಉತ್ತಮವೆ?

ಹಾಗಾದರೆ ಪೂರ್ಣ ಚೋಕೇ ಶ್ರೇಷ್ಠವೆಂದು ನಿಮಗನ್ನಿಸಬಹುದು. ಬ್ರಿಟನ್ನಿನಲ್ಲಿ ನಾಯಿಯೊಡನೆ ಬೇಲಿಸಾಲು, ಕುರುಚಲು ಕಾಡುಗಳಲ್ಲಿ ಅಲೆದು ಫೆಸೆಂಟ್, ಕವುಜುಗಗಳನ್ನು ಎಬ್ಬಿಸುವ ಬೇಟೆಯಲ್ಲಿ ಹಕ್ಕಿ ಏಳುವುದು ಬಹುತೇಕ 20–30 ಗಜದೊಳಗೆ. 20 ಗಜದಲ್ಲಿ ಪೂರ್ಣ ಚೋಕಿನ ಹರವು ಸುಮಾರು 16 ಅಂಗುಲ. ಚೋಕ್ ಇಲ್ಲದ ನಳಿಗೆಯದು 32. ವ್ಯಾಸ ಎರಡು ಪಟ್ಟಾದರೆ ಕ್ಷೇತ್ರಫಲ ನಾಲ್ಕು ಪಟ್ಟು. ಬಿಗಿ ಚೋಕಿನಲ್ಲಿ ಗುರಿ ತುಸು ತಪ್ಪಿದರೂ ಹಕ್ಕಿ ಪಾರಾಗುತ್ತದೆ, ತಪ್ಪದಿದ್ದರೆ ಛಿದ್ರವಾಗುತ್ತದೆ. ಚೋಕ್ ಇಲ್ಲದ ಕೋವಿಯಿಂದ 40 ಗಜಕ್ಕೆ ಹಾರಿಸಿದರೆ ಒಂದೆರಡು ಚರೆ ತಗುಲಿದ ಹಕ್ಕಿ ಗಾಯಗೊಂಡು ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಅಷ್ಟು ದೂರ ಕ್ರಮಿಸುವಷ್ಟರಲ್ಲಿ ಗಾಳಿಯ ತಡೆಯಿಂದ ಚರೆಯ ವೇಗವೂ ಅರ್ಧದಷ್ಟಕ್ಕೆ ಇಳಿದಿರುತ್ತದೆ. ಆದ್ದರಿಂದಲೇ ಚೋಕಿನ ಆಯ್ಕೆ ಶೋಕಿಯ ಮಾತಲ್ಲ.

ಜೋಡಿನಳಿಗೆಯ ಕೋವಿಯಲ್ಲಿ ಇದಕ್ಕೊಂದು ಸರಳ ಪರಿಹಾರವಿದೆ. ಬಲನಳಿಗೆಗೆ ಇಂಪ್ರೂವ್ಡ್ ಸಿಲಿಂಡರ್, ಎಡನಳಿಗೆಗೆ ಅರ್ಧ ಚೋಕ್. ಮೊದಲ ಹೊಡೆತದ ವೇಳೆ ಹಕ್ಕಿ ಹತ್ತಿರ. ಎರಡನೆಯದರ ವೇಳೆಗೆ ಅದು ದೂರ ಸರಿದಿರುತ್ತದೆ.

ಸೀಸದಿಂದ ಉಕ್ಕಿಗೆ

ಮೆದುವಾದ ಸೀಸದ ಚರೆಗಳು ನಳಿಗೆಯಲ್ಲಿ ನಜ್ಜಾಗಿ, ಗಾಳಿಯಲ್ಲಿ ಪಕ್ಕಕ್ಕೆ ಸರಿಯುತ್ತವೆ. 1960ರ ದಶಕದಲ್ಲಿ ಬಂದ ಪ್ಲಾಸ್ಟಿಕ್ ಬಟ್ಟಲು ಈ ದೋಷವನ್ನು ತಗ್ಗಿಸಿತು. ಆದರೆ ಸೀಸದ ವಿಷಕ್ಕೆ ಪರಿಹಾರವಿರಲಿಲ್ಲ. ಕೆರೆಯ ತಳಕ್ಕೆ ಬಿದ್ದ ಚರೆಗಳನ್ನು ಹರಳುಕಲ್ಲುಗಳೆಂದು ನುಂಗಿ ನೀರುಹಕ್ಕಿಗಳು ಸಾಯುತ್ತಿದ್ದವು. ನೀರುಹಕ್ಕಿ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ, ಇಂಗ್ಲೆಂಡ್ 1999ರಲ್ಲಿ ನಿಷೇಧಿಸಿದವು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ಬದಲಿಯಾದ ಉಕ್ಕಿನ ಸಾಂದ್ರತೆ 7.8, ಸೀಸದ್ದು 11.3. ಹಗುರವಾದ್ದರಿಂದ ಉಕ್ಕಿನ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಚರೆ ಬೇಕು. ಗಟ್ಟಿಯಾದ್ದರಿಂದ ಅದು ನಜ್ಜಾಗದೆ ಬಿಗಿಯಾಗಿಯೇ ಸಾಗುತ್ತದೆ. ಹಾಗಾಗಿ ಕಡಿಮೆ ಚೋಕ್ ಸಾಕು. ಲೋಹ ಬದಲಾದೊಡನೆ ನೂರು ವರ್ಷಗಳ ರೂಢಿಯನ್ನು ಮತ್ತೆ ಎಣಿಸಿ ನೋಡಬೇಕಾಯಿತು.

ಈ ಎಣಿಕೆಯನ್ನು ಕೋವಿಯಿಲ್ಲದೆ ತರಗತಿಯಲ್ಲೇ ಮಾಡಬಹುದು. ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ, ಏಕಕೇಂದ್ರೀಯ ವೃತ್ತಗಳನ್ನು ಗುರುತಿಸಿ, ಆಲಿಕೆಯ ಮೂಲಕ ಒಂದು ಹಿಡಿ ರಾಗಿ ಸುರಿಯಿರಿ. ಪ್ರತಿ ಬಳೆಯೊಳಗಿನ ಕಾಳುಗಳನ್ನು ಎಣಿಸಿ ಅದರ ಕ್ಷೇತ್ರಫಲದಿಂದ ಭಾಗಿಸಿರಿ. ಎತ್ತರ ಬದಲಿಸಿ, ಹತ್ತು ಬಾರಿ ಮಾಡಿ ಸರಾಸರಿ ತೆಗೆಯಿರಿ. ಒಂದೇ ಪ್ರಯೋಗವನ್ನು ನಂಬಬಾರದೇಕೆ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.