ಮದ್ಯವರ್ಜನ ಶಿಬಿರ

ಮದ್ಯವರ್ಜನ ಶಿಬಿರವೆಂದರೆ ಕುಡಿತವನ್ನು ಬಿಡಲು ಒಪ್ಪಿದವರನ್ನು ದೂರದ ಆಸ್ಪತ್ರೆಗೆ ಸಾಗಿಸದೆ, ಅವರ ಊರಿನ ಅಥವಾ ನೆರೆಯೂರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಸುಮಾರು ಒಂದು ವಾರ ಒಟ್ಟಿಗೆ ಇರಿಸಿಕೊಂಡು, ಔಷಧ, ಆಪ್ತಸಲಹೆ, ಯೋಗ, ಭಜನೆ ಮತ್ತು ಮನೆಯವರ ಸಹಭಾಗಿತ್ವದ ಮೂಲಕ ವ್ಯಸನದಿಂದ ಹೊರತರಲು ನಡೆಸುವ ವ್ಯವಸ್ಥೆ. ಕರ್ನಾಟಕದ ಗ್ರಾಮಾಂತರ ಪ್ರದೇಶದಲ್ಲಿ, ಅದರಲ್ಲೂ ಕರಾವಳಿಯಿಂದ ಆರಂಭವಾಗಿ ಮಲೆನಾಡು ಮತ್ತು ಹಾಸನದಂಥ ಅರೆಮಲೆನಾಡು ಜಿಲ್ಲೆಗಳವರೆಗೆ, ವ್ಯಸನ ಚಿಕಿತ್ಸೆಯೆಂದಾಗ ಜನರಿಗೆ ಮೊದಲು ನೆನಪಾಗುವುದು ಮನೋವೈದ್ಯರ ಹೊರರೋಗಿ ವಿಭಾಗವಲ್ಲ, ಈ ಶಿಬಿರ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂಥ ಹೋಬಳಿಗೆ ತಜ್ಞರ ಸೇವೆ ತಾಲ್ಲೂಕು ಕೇಂದ್ರದಲ್ಲೋ ಹಾಸನದಲ್ಲೋ ಮಾತ್ರ ದೊರೆಯುವುದರಿಂದ ಶಿಬಿರದ ಮಹತ್ವ ಹೆಚ್ಚು. ಅದರ ಮಿತಿಗಳನ್ನು ಅರಿಯುವ ಅಗತ್ಯವೂ ಅಷ್ಟೇ ಹೆಚ್ಚು.

ವ್ಯಸನದ ಲಕ್ಷಣ

ಕುಡಿಯುವವರೆಲ್ಲ ವ್ಯಸನಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆ ಅವಲಂಬನೆಗೆ ಆರು ಗುರುತುಗಳನ್ನು ಹೇಳುತ್ತದೆ: ತಡೆಯಲಾಗದ ತುಡಿತ, ಎಷ್ಟು ಕುಡಿಯಬೇಕು ಮತ್ತು ಎಲ್ಲಿ ನಿಲ್ಲಿಸಬೇಕು ಎಂಬುದರ ಮೇಲೆ ಹಿಡಿತ ತಪ್ಪುವುದು, ಬಿಟ್ಟಾಗ ದೇಹ ಪ್ರತಿಭಟಿಸುವುದು, ಮೊದಲಿನ ಪ್ರಮಾಣ ಸಾಲದಾಗುವುದು, ಉಳಿದ ಆಸಕ್ತಿ ಮತ್ತು ಜವಾಬ್ದಾರಿಗಳು ಹಿಂದೆ ಸರಿಯುವುದು, ಕೇಡಾಗುತ್ತಿದೆಯೆಂದು ತಿಳಿದೂ ಮುಂದುವರಿಸುವುದು. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರಾದರೂ ಕಂಡರೆ ಅದು ಚಿಕಿತ್ಸೆ ಬೇಡುವ ಕಾಯಿಲೆ. ಬೆಳಗ್ಗೆ ಎದ್ದೊಡನೆ ಕೈ ನಡುಕ ನಿಲ್ಲಿಸಲು ಒಂದಿಷ್ಟು ಕುಡಿಯಲೇಬೇಕೆನ್ನುವ ಸ್ಥಿತಿ ಊರಿನವರೆಲ್ಲ ಬಲ್ಲ ಗುರುತಾಗಿದ್ದು, ವೈದ್ಯಕೀಯವಾಗಿಯೂ ಅದು ಬಹಳ ವಿಶ್ವಾಸಾರ್ಹವಾದ ಗುರುತೇ. ಶ್ರವಣಬೆಳಗೊಳವಿರುವ ಈ ಸೀಮೆಗೆ ಸಪ್ತವ್ಯಸನಗಳ ಪಟ್ಟಿಯಲ್ಲಿ ಮದ್ಯವನ್ನು ಸೇರಿಸಿದ ಜೈನ ನೀತಿಪರಂಪರೆ ಶತಮಾನಗಳಿಂದ ಪರಿಚಿತ. ಆದರೆ ವ್ಯಸನವನ್ನು ಬರಿಯ ನಡತೆಗೇಡೆಂದು ಕಾಣುವ ದೃಷ್ಟಿ ರೋಗಿಯನ್ನು ಚಿಕಿತ್ಸೆಯಿಂದ ದೂರವಿಡುತ್ತದೆ ಎಂಬುದು ಇಂದಿನ ವೈದ್ಯಲೋಕದ ಸಾಮಾನ್ಯ ಅಭಿಪ್ರಾಯ.

ಭಾರತದಲ್ಲಿ ಒಂದು ಪ್ರಮಾಣ ಮದ್ಯವೆಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ ಶೇಕಡ 42.8 ಸಾಂದ್ರತೆಯ ವಿಸ್ಕಿ ಅಥವಾ ಬ್ರಾಂದಿಯ 30 ಮಿಲಿಲೀಟರ್. ಅಂಗಡಿಯಲ್ಲಿ ‘ಕ್ವಾರ್ಟರ್’ ಎಂದು ಕೇಳಿ ಕೊಳ್ಳುವ 180 ಮಿಲಿಲೀಟರಿನಲ್ಲಿ ಇಂಥ ಆರು ಪ್ರಮಾಣಗಳಿರುವುದರಿಂದ, ದಿನಕ್ಕೆ ಒಂದೇ ಕ್ವಾರ್ಟರ್ ಎಂದು ಹೇಳಿಕೊಳ್ಳುವವರೂ ಅಪಾಯದ ಗೆರೆಯನ್ನು ಬಹಳ ಹಿಂದೆಯೇ ದಾಟಿರುತ್ತಾರೆ.

ಹಿನ್ನೆಲೆ

ಶಿಬಿರ ಪದ್ಧತಿ ಕರ್ನಾಟಕದಲ್ಲಿ ಹುಟ್ಟಿದ್ದಲ್ಲ. ರಾಜಸ್ಥಾನದ ಜೋಧಪುರದ ಬಳಿಯ ಮಾಣಕ್ಲಾವ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಅಫೀಮು ಬಿಡಿಸುವ ಗ್ರಾಮ ಶಿಬಿರಗಳು ಆರಂಭವಾದವು. ಮದ್ರಾಸಿನಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್, ಆ ದಶಕದ ಕೊನೆಯ ವೇಳೆಗೆ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಮದ್ಯವ್ಯಸನಿಗಳಿಗಾಗಿ ಶಿಬಿರ ನಡೆಸಿ, ಊರಿನ ಹಿರಿಯರು, ಸ್ಥಳೀಯ ದಾನಿಗಳು ಮತ್ತು ವೈದ್ಯತಂಡ ಒಂದಾದರೆ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಅಲ್ಲಿನ ಅನುಭವ ವೈದ್ಯಕೀಯ ನಿಯತಕಾಲಿಕದಲ್ಲೂ ಪ್ರಕಟವಾಗಿ, ಮುಂದಿನ ಪ್ರಯೋಗಗಳಿಗೆ ಆಧಾರವಾಯಿತು.

ಕರ್ನಾಟಕದಲ್ಲಿ ಇದಕ್ಕೆ ವ್ಯಾಪಕ ರೂಪ ಕೊಟ್ಟದ್ದು ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಸಂಸ್ಥೆಗಳು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಾರ್ಯಕರ್ತರು ಬೆಳ್ತಂಗಡಿ ತಾಲ್ಲೂಕಿನ ಸಣ್ಣ ರೈತರ ನಡುವೆ ದುಡಿಯುತ್ತ ಹೋದಂತೆ, ಕೃಷಿಗೆ ಕೊಟ್ಟ ನೆರವು ಕುಡಿತದಲ್ಲಿ ಕರಗುತ್ತಿರುವುದು ಕಂಡುಬಂದು, 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ರೂಪುಗೊಂಡಿತು. ಅಂದಿನಿಂದ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿದ್ದು, ಅವುಗಳಿಗೆ ಅನುಕ್ರಮ ಸಂಖ್ಯೆ ಕೊಡುವ ರೂಢಿಯಿದೆ. ಹಾಸನ ಜಿಲ್ಲೆಯಲ್ಲೂ ಶಿಬಿರಗಳು ನಡೆದಿವೆ. ಸ್ಥಳೀಯವಾಗಿ ರಚನೆಯಾಗುವ ವ್ಯವಸ್ಥಾಪನಾ ಸಮಿತಿ ಜಾಗ, ಊಟ ಮತ್ತು ಹಣವನ್ನು ಹೊಂದಿಸಿದರೆ, ವೇದಿಕೆಯಿಂದ ಬರುವ ಶಿಬಿರಾಧಿಕಾರಿ ಮತ್ತು ಆರೋಗ್ಯ ಸಹಾಯಕರು ದಿನಚರಿಯನ್ನು ನಡೆಸುತ್ತಾರೆ. ಕೊನೆಯ ದಿನಗಳಲ್ಲಿ ಹೆಂಡತಿ ಮಕ್ಕಳನ್ನು ಕರೆಸಿ ಮಾತಿಗೆ ಕೂರಿಸುವುದು ಈ ಕ್ರಮದ ಅತ್ಯಂತ ಪರಿಣಾಮಕಾರಿ ಭಾಗವೆಂದು ನಡೆಸುವವರೂ ಪಾಲ್ಗೊಂಡವರೂ ಹೇಳುವುದುಂಟು.

ಶಿಬಿರಗಳು ಹರಡಿದ ಕಾಲದಲ್ಲೇ ರಾಜ್ಯದ ಮದ್ಯನೀತಿಯೂ ಬದಲಾಯಿತು. ಹಳೆಯ ಮೈಸೂರು ರಾಜ್ಯದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಜಾರಿಗೆ ಬಂದಿದ್ದ ಪಾನನಿರೋಧ 1967ರಲ್ಲಿ ಕೊನೆಗೊಂಡು ಸಾರಾಯಿ ಗುತ್ತಿಗೆಯ ಯುಗ ಆರಂಭವಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಗಳ ಮಹಿಳೆಯರ ದೀರ್ಘಕಾಲದ ಒತ್ತಾಯದ ನಂತರ 2007ರ ಜುಲೈ 1ರಿಂದ, ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರದ ಅವಧಿಯಲ್ಲಿ, ಪ್ಯಾಕೆಟ್ ಸಾರಾಯಿ ನಿಂತಿತು. ಮಾರನೆಯ ವರ್ಷವೇ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿ ದುರಂತ ಮತ್ತೆ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸಾರಾಯಿ ಕುಡಿಯುತ್ತಿದ್ದವರು ಕುಡಿತ ಬಿಟ್ಟರೆಂದು ಹೇಳಲು ಆಧಾರ ಸಾಲದು. ಅವರಲ್ಲಿ ಬಹಳ ಮಂದಿ ಅಗ್ಗದ ವಿಸ್ಕಿ, ಬ್ರಾಂದಿಗಳ ಸಣ್ಣ ಪೊಟ್ಟಣಗಳತ್ತ ಹೊರಳಿದರೆಂಬುದು ಹೆಚ್ಚು ಸಂಭವನೀಯ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಸಂಪೂರ್ಣ ಪಾನನಿಷೇಧ ಕೇಳಿದ್ದು ಈ ಸಮಸ್ಯೆ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿ.

ಮೊದಲ ಐದು ದಿನ: ಹಿಂತೆಗೆತ

ಶಿಬಿರದ ಯಶಸ್ಸನ್ನು ಭಾಷಣಗಳಿಂದ ಅಳೆಯುವವರು ಅದರ ಮೊದಲ ಐದು ದಿನಗಳ ವೈದ್ಯಕೀಯ ಗಂಭೀರತೆಯನ್ನು ಕಡೆಗಣಿಸುವುದುಂಟು. ಮದ್ಯವು ಮಿದುಳಿನಲ್ಲಿ ನರಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸಿ, ಅವುಗಳನ್ನು ಕೆರಳಿಸುವ ಗ್ಲುಟಮೇಟ್‌ನ ಪರಿಣಾಮವನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಇದಕ್ಕೆ ಎದುರಾಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ: ತಗ್ಗಿಸುವ ವ್ಯವಸ್ಥೆ ದುರ್ಬಲವಾಗುತ್ತದೆ, ಕೆರಳಿಸುವ ವ್ಯವಸ್ಥೆ ಬಲಗೊಳ್ಳುತ್ತದೆ. ಇದ್ದಕ್ಕಿದ್ದಂತೆ ಮದ್ಯ ನಿಂತಾಗ ಭಾರ ಇಳಿಸಿದ ತಕ್ಕಡಿಯ ತಟ್ಟೆ ಮೇಲಕ್ಕೆ ನೆಗೆಯುವಂತೆ ನರಮಂಡಲ ಒಮ್ಮೆಲೇ ಉದ್ರಿಕ್ತವಾಗುತ್ತದೆ. ಆಗ ಕಾಣುವ ತೊಂದರೆಗಳನ್ನು ಹಿಂತೆಗೆತದ ಲಕ್ಷಣಗಳೆನ್ನುತ್ತಾರೆ.

ಕೊನೆಯ ಕುಡಿತದ ಸುಮಾರು ಆರರಿಂದ ಎಂಟು ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆಬಡಿತ, ವಾಂತಿ ಮತ್ತು ನಿದ್ರೆಗೇಡು ಆರಂಭವಾಗುತ್ತವೆ. ಕೆಲವರಿಗೆ ಮೊದಲ ಒಂದು ದಿನದೊಳಗೆ ಇಲ್ಲದ ಧ್ವನಿ ಕೇಳುವುದು, ಇಲ್ಲದ ಹುಳುಹುಪ್ಪಟೆ ಕಾಣುವುದು ಮೊದಲಾಗುತ್ತದೆ. ಮೂರ್ಛೆಯ ಸೆಳೆತಗಳು ಸಾಮಾನ್ಯವಾಗಿ ಮೊದಲ ನಲವತ್ತೆಂಟು ಗಂಟೆಗಳಲ್ಲಿ ಬರುತ್ತವೆ. ಎರಡನೆಯ ಅಥವಾ ಮೂರನೆಯ ದಿನ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ, ದಿಕ್ಕುಕಾಲಗಳ ಅರಿವು ತಪ್ಪಿ, ಜ್ವರ ಏರಿ, ರಕ್ತದೊತ್ತಡ ಹೆಚ್ಚಿ ಸನ್ನಿ ಹಿಡಿಯುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿಯಲ್ಲಿ, ಪರಿಣಾಮಕಾರಿ ಔಷಧಗಳಿಲ್ಲದಿದ್ದ ಕಾಲದಲ್ಲಿ, ಮೂರನೆಯ ಒಂದು ಭಾಗದವರೆಗೆ ರೋಗಿಗಳು ಸಾಯುತ್ತಿದ್ದರು. ಇಂದು ಚಿಕಿತ್ಸೆ ದೊರೆತವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆ. ಊರುಗಳಲ್ಲಿ ಈ ಸನ್ನಿಯನ್ನು ಗಾಳಿ ಮೆಟ್ಟಿದ್ದೆಂದು ಭಾವಿಸಿ ಕಾಲಹರಣ ಮಾಡುವುದು ಜೀವಕ್ಕೆ ಎರವಾಗಬಲ್ಲದು.

ಚಿಕಿತ್ಸೆಯ ಮುಖ್ಯ ಔಷಧ ಬೆಂಜೊಡಯಾಜೆಪೈನ್ ಗುಂಪಿನದು: ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಮೊದಲ ದಿನಗಳಲ್ಲಿ ಸಾಕಷ್ಟು ಕೊಟ್ಟು, ಸುಮಾರು ಒಂದು ವಾರದ ಅವಧಿಯಲ್ಲಿ ಇಳಿಸುತ್ತ ನಿಲ್ಲಿಸಬೇಕು. ದೀರ್ಘಕಾಲ ಮುಂದುವರಿಸಿದರೆ ಅದೂ ಚಟವಾಗುತ್ತದೆ. ಇದರೊಡನೆ ಥಯಮಿನ್, ಅಂದರೆ ಬಿ-1 ಜೀವಸತ್ವ, ಅನಿವಾರ್ಯ. ಊಟ ಬಿಟ್ಟು ಕುಡಿಯುವವರಲ್ಲಿ ಇದರ ಕೊರತೆ ತೀವ್ರವಾಗಿರುತ್ತದೆ. ಅದನ್ನು ತುಂಬದೆ ಗ್ಲುಕೋಸ್ ಬಾಟಲಿ ಹಾಕಿದರೆ ಕಣ್ಣಿನ ಚಲನೆ ಕೆಟ್ಟು, ನಡಿಗೆ ತಡವರಿಸಿ, ಮನಸ್ಸು ಮಂಕಾಗುವ ವೆರ್ನಿಕೆ ಕಾಯಿಲೆ ಕಾಣಿಸಿಕೊಳ್ಳಬಹುದು ಮತ್ತು ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಸುಸ್ತಾದವರಿಗೆಲ್ಲ ಮೊದಲು ಗ್ಲುಕೋಸ್ ಹಾಕಿಸುವ ರೂಢಿಯಿರುವ ಕಡೆ ಈ ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಹಿಂದೆ ಸೆಳೆತ ಅಥವಾ ಸನ್ನಿ ಬಂದವರು, ಕಾಮಾಲೆ ಅಥವಾ ರಕ್ತವಾಂತಿ ಇರುವವರು, ಆತ್ಮಹತ್ಯೆಯ ಮಾತಾಡುವವರು ಶಿಬಿರಕ್ಕೆ ತಕ್ಕವರಲ್ಲ. ಅವರನ್ನು ಆಯ್ಕೆಯ ಹಂತದಲ್ಲೇ ಗುರುತಿಸಿ ಆಸ್ಪತ್ರೆಗೆ ಕಳಿಸುವುದು ಉತ್ತಮ ಶಿಬಿರದ ಮೊದಲ ಲಕ್ಷಣ.

ಬಿಟ್ಟ ಮೇಲೆ

ಹಿಂತೆಗೆತ ಮುಗಿದಾಗ ದೇಹ ಮದ್ಯದಿಂದ ಬಿಡುಗಡೆಯಾಗಿರುತ್ತದೆ, ಮನಸ್ಸು ಆಗಿರುವುದಿಲ್ಲ. ಸಮಾರೋಪದ ದಿನ ಹಾರ ಹಾಕಿಸಿಕೊಂಡವರಲ್ಲಿ ಗಣನೀಯ ಪಾಲು ಮರಳಿ ಕುಡಿಯತೊಡಗುತ್ತಾರೆ, ಅದೂ ಬಹುತೇಕ ಮೊದಲ ಮೂರು ತಿಂಗಳಲ್ಲೇ. ಆದ್ದರಿಂದ ಶಿಬಿರಕ್ಕೆ ಎಷ್ಟು ಜನ ಬಂದರೆಂಬ ಲೆಕ್ಕಕ್ಕಿಂತ ವರ್ಷದ ನಂತರ ಎಷ್ಟು ಜನ ಮದ್ಯಮುಕ್ತರಾಗಿ ಉಳಿದರೆಂಬ ಲೆಕ್ಕವೇ ಮುಖ್ಯ. ಇದನ್ನು ಮನಗಂಡೇ ಜನಜಾಗೃತಿ ವೇದಿಕೆ, ಪಾನಮುಕ್ತರು ನಿಯತವಾಗಿ ಸೇರುವ ನವಜೀವನ ಸಮಿತಿಗಳನ್ನು ಕಟ್ಟಿದ್ದು, ನೂರು ದಿನ ಪೂರೈಸಿದವರ ಶತದಿನೋತ್ಸವವನ್ನು ಆಚರಿಸುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ತಿರುಳೂ ಇದೇ: ಬಿಟ್ಟವರು ಬಿಡುತ್ತಿರುವವರ ಜೊತೆ ನಿಲ್ಲುವುದು.

ಮರುಕಳಿಕೆಗೆ ಮನಸ್ಸಿನ ನೋವು, ಮನೆಯೊಳಗಿನ ಜಗಳ ಮತ್ತು ಗೆಳೆಯರ ಒತ್ತಾಯ ಹೆಚ್ಚಿನ ಕಾರಣಗಳೆಂದು ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಟ್ 1980ರ ದಶಕದಲ್ಲಿ ವಿವರಿಸಿದರು. ಹಾಸನ ಸೀಮೆಯಲ್ಲಿ ಇವಕ್ಕೆ ತಮ್ಮದೇ ಋತುಮಾನವಿದೆ. ಅರಕಲಗೂಡಿನ ರೈತರಿಗೆ ರಾಮನಾಥಪುರದ ತಂಬಾಕು ಹರಾಜಿನ ಹಣ, ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಸುಗ್ಗಿಯ ಹಣ ಒಟ್ಟಾಗಿ ಕೈಗೆ ಬರುವ ದಿನಗಳು, ಜಾತ್ರೆ, ಬಾಡೂಟ, ಚುನಾವಣೆ, ಸಾವಿನ ಮನೆಯ ರಾತ್ರಿಗಳು, ‘ಎಣ್ಣೆ’ಗೆ ಕರೆಯುವ ಹಳೆಯ ಜೊತೆಗಾರರು, ಇವೆಲ್ಲ ಮುಂಚೆಯೇ ಯೋಚಿಸಿ ಎದುರಿಸಬೇಕಾದ ಸಂದರ್ಭಗಳು. ಒಮ್ಮೆ ಜಾರಿದ್ದು ಎಲ್ಲವೂ ಮುಗಿದಂತಲ್ಲ. ಜಾರಿದವನನ್ನು ಸಮಿತಿಯ ಸಭೆಗೆ ಮರಳಿ ಕರೆಯದೆ ಹೀಯಾಳಿಸುವ ಊರು ತಾನೇ ಕಟ್ಟಿದ ಶಿಬಿರವನ್ನು ಕೆಡವಿದಂತೆ.

ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಮಾತ್ರೆಗಳು ಶಿಬಿರಗಳಿಗಿಂತ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಬೆಳಕಿಗೆ ತಂದ ಡೈಸಲ್ಫಿರಾಂ ಇನ್ನೊಂದು ಬಗೆಯದು. ಅದು ಮದ್ಯ ಜೀರ್ಣವಾಗುವ ದಾರಿಯನ್ನು ತಡೆದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನು ರಕ್ತದಲ್ಲಿ ಶೇಖರಿಸುವುದರಿಂದ, ಮಾತ್ರೆ ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಯ ಪೂರ್ಣ ಒಪ್ಪಿಗೆಯಿಲ್ಲದೆ ಇದನ್ನು ಕೊಡುವಂತಿಲ್ಲ. ‘ಗೊತ್ತಿಲ್ಲದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತಿನ ಪುಡಿಗಳನ್ನು ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವುದು ಪ್ರಾಣಾಪಾಯಕಾರಿ, ವೈದ್ಯನೀತಿಗೆ ವಿರುದ್ಧ.

ಇತರ ಮಾದಕಗಳು

ಗಾಂಜಾ, ನೋವುನಿವಾರಕ ಮಾತ್ರೆಗಳ ದುರ್ಬಳಕೆ ಮತ್ತು ಮಕ್ಕಳಲ್ಲಿ ಅಂಟುದ್ರಾವಣ ಮೂಸುವುದು ಶಿಬಿರಗಳ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗುಳಿದಿವೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ 64ಎ ವಿಧಿ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಸರ್ಕಾರಿ ವ್ಯವಸ್ಥೆ

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿರುವುದರಿಂದ, ವ್ಯಸನಿಯನ್ನು ಕಟ್ಟಿಹಾಕಿ, ಹೊಡೆದು ‘ಬಿಡಿಸುವ’ ಖಾಸಗಿ ಕೇಂದ್ರಗಳ ವಿರುದ್ಧ ಕಾನೂನಿನ ಆಸರೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಜಿಲ್ಲೆಯ ಮುಖ್ಯ ಸರ್ಕಾರಿ ಆಸ್ಪತ್ರೆ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ರೂಪುಗೊಂಡಿತು. ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸಭೆಯ ಜೊತೆಗೆ ಇಂಥ ಹೊರರೋಗಿ ಚಿಕಿತ್ಸೆಯಲ್ಲೂ ಕನಿಷ್ಠ ಒಂದು ವರ್ಷ ಮುಂದುವರಿಯುವುದು ಅಪೇಕ್ಷಣೀಯ. ಮಾದಕ ಮತ್ತು ಮದ್ಯ ವ್ಯಸನಕ್ಕೆ ರಾಷ್ಟ್ರೀಯ ಸಹಾಯವಾಣಿ 14446. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.