ಸಿನಿಮಾದ ಹುಡುಗಿ, ನಮ್ಮ ಕೊಡಗಿನ ಹುಡುಗಿ

ಸಂಕ್ರಾಂತಿ ರಜಕ್ಕೆ ಮೊಮ್ಮಗಳು ಹೊಳವನಹಳ್ಳಿಗೆ ಬಂದಿದ್ಲು. ನಾನು ಅವರೆಬೇಳೆ ಇದುಕ್ತಾ ಕುಂತಿದ್ದೆ, ಅವಳು ಪಕ್ಕದಲ್ಲಿ ‘ಪೊಕಾಹೊಂಟಾಸ್’ ಸಿನಿಮಾ ಹಾಕ್ಕಂಡು ಕುಂತಿದ್ಲು. 1995ರಲ್ಲಿ ಡಿಸ್ನಿಯವರು ಮಾಡಿದ ಕಾರ್ಟೂನ್ ಸಿನಿಮಾ. ಕಾಡಿನ ಹುಡುಗಿ, ಹಡಗಲ್ಲಿ ಬಂದ ಬಿಳೀ ಗಂಡಸು, ಇಬ್ಬರಿಗೂ ಪ್ರೀತಿ. ಹಾಡು ಚೆನ್ನಾಗವೆ, ಸುಳ್ಳು ಹೇಳಬಾರದು. ಆ ಕಳ್ಳ ಪ್ರಾಣಿ ಬಿಸ್ಕತ್ತು ಕದಿಯೋದು ನೋಡಿ ನಾನೂ ನಕ್ಕೆ.

ಆದರೆ ನಿಜವಾದ ಕತೆ ಹಂಗಿಲ್ಲ ಕಣ್ರವ್ವ. 1607ರಲ್ಲಿ ಜಾನ್ ಸ್ಮಿತ್ ಅಮೆರಿಕದ ವರ್ಜೀನಿಯಾಕ್ಕೆ ಬಂದಾಗ ಆ ಹುಡುಗಿಗೆ ಹನ್ನೊಂದರ ಹತ್ತಿರ ವಯಸ್ಸು. ನಮ್ಮ ಮನೇಲಿ ಲಂಗ ಹಾಕ್ಕಂಡು ಕುಂಟೇಬಿಲ್ಲೆ ಆಡೋ ಮಗು ಅದು. ಪ್ರೀತಿ ಎಲ್ಲಿಂದ ಬಂತು? 1613ರಲ್ಲಿ ಇಂಗ್ಲಿಷಿನವರು ಅವಳನ್ನ ಮೋಸದಿಂದ ಹಡಗು ಹತ್ತಿಸಿ ಸೆರೆ ಇಟ್ಕಂಡ್ರು. ಕ್ರೈಸ್ತ ಧರ್ಮಕ್ಕೆ ಸೇರಿಸಿ ರೆಬೆಕ್ಕಾ ಅಂತ ಹೆಸರಿಟ್ರು. 1614ರಲ್ಲಿ ಹೊಗೆಸೊಪ್ಪು ಬೆಳೆಯೋ ಜಾನ್ ರಾಲ್ಫ್ ಅನ್ನೋನ ಜೊತೆ ಮದುವೆ ಆಯ್ತು. ಸ್ಮಿತ್ ಅಲ್ಲವೇ ಅಲ್ಲ! ಆಮೇಲೆ ಲಂಡನ್ನಿಗೆ ಕರಕೊಂಡು ಹೋಗಿ ಜನಕ್ಕೆಲ್ಲ ತೋರಿಸಿದ್ರು. 1617ರಲ್ಲಿ ವಾಪಸ್ ಹೊರಟೋಳು ಇಂಗ್ಲೆಂಡಿನ ದಡ ಬಿಡೋ ಮುಂಚೆನೇ ತೀರಿಕೊಂಡ್ಲು. ಎರಡು ವರ್ಷದ ಮಗ ಉಳಿದ.

ಇದನ್ನ ಹೇಳ್ತಾ ಹೇಳ್ತಾ ನನಗೆ ನಮ್ಮ ಕೊಡಗಿನ ಗೌರಮ್ಮ ನೆನಪಾದಳು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದೋರಿಗೆ ಅವಳಪ್ಪ ಗೊತ್ತು. 1834ರಲ್ಲಿ ಕಂಪನಿಯವರು ಆ ರಾಜನನ್ನ ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿದ್ರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. ಮಡಿಕೇರಿಯ ಮಳೆ ನೋಡದ ಕೊಡಗಿನ ರಾಜಕುಮಾರಿ. ರಾಜನಿಗೆ ಕಂಪನಿಯಿಂದ ಬರಬೇಕಾದ ಹಣದ ಮೇಲೆ ಆಸೆ, ಅದನ್ನ ಕೇಳೋಕೆ 1852ರಲ್ಲಿ ಇಂಗ್ಲೆಂಡಿಗೆ ಹೊರಟ. ಮಗಳನ್ನೂ ಕರಕೊಂಡು ಹೋದ. ಆಗ ಅವಳಿಗೂ ಹನ್ನೊಂದರ ಹತ್ತಿರವೇ!

ಅದೇ ವರ್ಷ ಜೂನ್ ತಿಂಗಳಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ. ರಾಣಿ ವಿಕ್ಟೋರಿಯಾನೇ ಧರ್ಮಮಾತೆ, ತನ್ನ ಹೆಸರನ್ನೇ ಕೊಟ್ಲು: ವಿಕ್ಟೋರಿಯಾ ಗೌರಮ್ಮ. ರಾಣಿಗೆ ಅವಳ ಮೇಲೆ ಅಕ್ಕರೆ ಇದ್ದದ್ದು ನಿಜ, ಚಿತ್ರಕಾರನಿಂದ ಚಿತ್ರಾನೂ ಬರೆಸಿದಳು. ಆದರೆ ಹುಡುಗಿಯನ್ನ ಇಂಗ್ಲಿಷ್ ಮನೆಯೊಂದರಲ್ಲಿ ಬಿಟ್ಟು ಅವರ ನಡೆ ನುಡಿ ಕಲಿಸಿದ್ರು. ನಮ್ಮ ಕಡೆ ದತ್ತು ಹೋದ ಮಗೂನೂ ಹಬ್ಬಕ್ಕೆ ತವರಿಗೆ ಬರ್ತದೆ. ಇವಳಿಗೆ ತವರು ಎಲ್ಲಿ? ಪಂಜಾಬಿನ ರಾಜ್ಯ ಕಳಕೊಂಡ ದುಲೀಪ್ ಸಿಂಗನಿಗೂ ಇವಳಿಗೂ ಗಂಟು ಹಾಕಬೇಕು ಅಂತ ರಾಣಿಗೆ ಮನಸ್ಸಿತ್ತು. ಅವನು ಒಪ್ಪಲಿಲ್ಲ. 1859ರಲ್ಲಿ ಅಪ್ಪ ಲಂಡನ್ನಿನಲ್ಲೇ ತೀರಿಕೊಂಡ. ಮಾರನೇ ವರ್ಷ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಅವಳ ಮದುವೆ. 1861ರಲ್ಲಿ ಎಡಿತ್ ಅಂತ ಮಗಳು ಹುಟ್ಟಿದಳು. 1864ರಲ್ಲಿ ಗೌರಮ್ಮ ಹೋಗಿಬಿಟ್ಲು. ಇಪ್ಪತ್ತೆರಡು ವಯಸ್ಸು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡವ್ರೆ.

ಇಬ್ಬರು ಹುಡುಗೀರಿಗೂ ಮಧ್ಯೆ ಇನ್ನೂರೈವತ್ತು ವರ್ಷ ಅಂತರ. ಒಬ್ಬಳು ರೆಬೆಕ್ಕಾ ಆದಳು, ಇನ್ನೊಬ್ಬಳು ವಿಕ್ಟೋರಿಯಾ. ಒಬ್ಬಳ ಮೇಲೆ ಸಿನಿಮಾ ಬಂತು. ಪುಣ್ಯ, ಗೌರಮ್ಮನ್ನ ಹಾಡು ಕುಣಿತದೊಳಗೆ ಇನ್ನೂ ಯಾರೂ ಎಳೆದಿಲ್ಲ.

ಮೊಮ್ಮಗಳು ಸಿನಿಮಾ ನಿಲ್ಲಿಸಿ ಕೇಳಿಸ್ಕಂಡಳು. “ಅಜ್ಜಿ, ನಿಂಗಿಷ್ಟಾನಾ ಅಂತ ಅವರನ್ನ ಯಾರೂ ಕೇಳ್ಲೇ ಇಲ್ವಾ?” ಅಂದಳು.

“ಹನ್ನೊಂದು ವರ್ಷದ ಮಗೂನ ಯಾರು ಕೇಳ್ತಾರವ್ವ” ಅಂದೆ.

“ನಿನ್ನ ಕೇಳಿದ್ರಾ?”

ಪಿಯುಸಿ ರಿಸಲ್ಟು ಬರೋದ್ರೊಳಗೆ ನಮ್ಮ ಮನೆ ಮುಂದೆ ಚಪ್ಪರ ಎದ್ದಿತ್ತು. ಅದನ್ನ ಹೇಳಿದೆ. ಅವಳು ಸಿನಿಮಾ ಮತ್ತೆ ಹಾಕಲಿಲ್ಲ, ಪಕ್ಕಕ್ಕೆ ಬಂದು ಬೇಳೆ ಇದುಕೋಕೆ ಕುಂತಳು.